ಇರುಳಿನ ನಗರ, ಅಪರಾಧ ಮತ್ತು ಸಂಗೀತ: ಒಂದು ಫ್ರೆಂಚ್ ಚಿತ್ರ ಹಾಗೂ ಕನ್ನಡದ ಅಪರಾಧ ಚಿತ್ರಗಳ ತೌಲನಿಕ ವಿವೇಚನೆ

1. ಪ್ರವೇಶ

ಚಲನಚಿತ್ರ ಸಂಗೀತ ಎಂದೊಡನೆ ಕನ್ನಡದ ವಿಮರ್ಶೆ ಹಾಡುಗಳತ್ತ ಹೊರಳುವುದು ರೂಢಿಯಾಗಿದೆ. ಗೀತರಚನಕಾರರು, ಗಾಯಕ ಗಾಯಕಿಯರು, ರಾಗಸಂಯೋಜಕರು ಇವರನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರಹಗಳಿವೆ. ಆದರೆ ಮಾತಿನ ಅಡಿಯಲ್ಲಿ, ಮೌನದ ಅಂಚಿನಲ್ಲಿ, ಪಾತ್ರವೊಂದು ಬಾಗಿಲು ತೆರೆಯುವ ಕ್ಷಣದಲ್ಲಿ ಕೇಳಿಬರುವ ಹಿನ್ನೆಲೆ ಸಂಗೀತಕ್ಕೆ ಅಷ್ಟು ಗಮನ ಸಂದಿಲ್ಲ. ಇದಕ್ಕೆ ಭೌತಿಕವಾದ ಕಾರಣವೂ ಉಂಟು. ಹಾಡುಗಳು ಗ್ರಾಮಫೋನ್ ತಟ್ಟೆಯಾಗಿ, ಕ್ಯಾಸೆಟ್ಟಾಗಿ, ಆಕಾಶವಾಣಿಯ ಕಾರ್ಯಕ್ರಮವಾಗಿ ಚಿತ್ರದಿಂದ ಬೇರ್ಪಟ್ಟು ಬದುಕಿದವು. ಹಿನ್ನೆಲೆ ಸಂಗೀತ ಚಿತ್ರದ ಪ್ರತಿಯೊಳಗೇ ಉಳಿಯಿತು. ಪ್ರತಿ ಸವೆದಾಗ ಅದೂ ಸವೆಯಿತು.

ಈ ಕೊರತೆ ಎದ್ದು ಕಾಣುವುದು ಅಪರಾಧ ಚಿತ್ರಗಳ ಅಧ್ಯಯನದಲ್ಲಿ. ಏಕೆಂದರೆ ಆ ಪ್ರಕಾರದಲ್ಲಿ ಪ್ರೇಕ್ಷಕನ ಭಯ, ಸಂಶಯ, ಅನುಕಂಪಗಳನ್ನು ನಿರ್ದೇಶಿಸುವ ಹೊಣೆ ಬಹುಪಾಲು ಸಂಗೀತದ ಮೇಲೆಯೇ ಇರುತ್ತದೆ. ಪ್ರಸ್ತುತ ಲೇಖನವು ಫ್ರಾನ್ಸಿನ ಒಂದು ಪ್ರಸಿದ್ಧ ಅಪರಾಧ ಚಿತ್ರವನ್ನು ಅಳತೆಗೋಲಾಗಿ ಇರಿಸಿಕೊಂಡು, 1968ರಿಂದ 1993ರವರೆಗಿನ ಕೆಲವು ಕನ್ನಡ ಚಿತ್ರಗಳಲ್ಲಿ ಸಂಗೀತ ವಹಿಸಿದ ಪಾತ್ರವನ್ನು ವಿವೇಚಿಸಲು ಯತ್ನಿಸುತ್ತದೆ. ಸಂಗೀತ ಯಾರ ಪಕ್ಷದಲ್ಲಿ ನಿಲ್ಲುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

2. ತಿಳಿದ ಸಂಗೀತ, ತಿಳಿಯದ ಸಂಗೀತ

ಲೂಯಿ ಮಾಲ್ ನಿರ್ದೇಶಿಸಿದ ‘ಅಸಾನ್ಸರ್ ಪೂರ್ ಲೆಶಫೋ’ 1958ರಲ್ಲಿ ತೆರೆಕಂಡಿತು. ಗಲ್ಲುಗಂಬಕ್ಕೆ ಒಯ್ಯುವ ಲಿಫ್ಟು ಎಂದು ಈ ಹೆಸರನ್ನು ಕನ್ನಡಿಸಬಹುದು. ಜೂಲಿಯೆನ್ ಎಂಬಾತ ತನ್ನ ಪ್ರೇಯಸಿ ಫ್ಲೋರೆನ್ಸಳ ಗಂಡನನ್ನು, ಅಂದರೆ ತನ್ನ ಯಜಮಾನನನ್ನೇ, ಕಚೇರಿಯಲ್ಲಿ ಕೊಲ್ಲುತ್ತಾನೆ. ಮರೆತುಬಂದ ಹಗ್ಗವನ್ನು ತರಲು ಮರಳಿ ಹೋದವನು, ಕಾವಲುಗಾರ ವಿದ್ಯುತ್ತನ್ನು ನಿಲ್ಲಿಸಿದ್ದರಿಂದ ಲಿಫ್ಟಿನೊಳಗೆ ಸಿಕ್ಕಿಬೀಳುತ್ತಾನೆ. ಹೊರಗೆ ನಿಂತ ಅವನ ಕಾರನ್ನು ಒಬ್ಬ ಹುಡುಗ, ಒಬ್ಬ ಹುಡುಗಿ ಸೇರಿ ಕದ್ದೊಯ್ದು ಮತ್ತೊಂದು ಕೊಲೆಗೆ ಕಾರಣರಾಗುತ್ತಾರೆ. ಕಾಫಿ ಅಂಗಡಿಯಲ್ಲಿ ಕಾಯುತ್ತಿರುವ ಫ್ಲೋರೆನ್ಸ್ ಆ ಕಾರನ್ನೂ ಅದರಲ್ಲಿರುವ ಹುಡುಗಿಯನ್ನೂ ಕಂಡು, ಪ್ರಿಯಕರ ತನ್ನನ್ನು ವಂಚಿಸಿದನೆಂದು ಬಗೆದು, ರಾತ್ರಿಯಿಡೀ ಪ್ಯಾರಿಸ್ ನಗರದಲ್ಲಿ ಅಲೆಯುತ್ತಾಳೆ.

ಈ ಚಿತ್ರದ ಸಂಗೀತವನ್ನು ಅಮೆರಿಕದ ಜಾಝ್ ಕಹಳೆವಾದಕ ಮೈಲ್ಸ್ ಡೇವಿಸ್ ನಾಲ್ವರು ಸಹವಾದಕರೊಡನೆ 1957ರ ಡಿಸೆಂಬರ್ 4ರ ಇರುಳು ಪ್ಯಾರಿಸ್ಸಿನ ಧ್ವನಿಮುದ್ರಣ ಶಾಲೆಯೊಂದರಲ್ಲಿ ನುಡಿಸಿದರು. ಪೂರ್ಣ ಸ್ವರಲಿಪಿ ಇರಲಿಲ್ಲ. ಕೆಲವು ಸ್ವರಸಂಚಾರಗಳನ್ನಷ್ಟೇ ಮುಂಚೆ ಗೊತ್ತುಮಾಡಿಕೊಂಡು, ತೆರೆಯ ಮೇಲೆ ದೃಶ್ಯಖಂಡಗಳು ಮತ್ತೆ ಮತ್ತೆ ಓಡುತ್ತಿರಲು ಅವನ್ನು ನೋಡುತ್ತಾ ನುಡಿಸಿದ್ದು ಇದು. ನಮ್ಮ ಪರಿಭಾಷೆಯಲ್ಲಿ ಇದನ್ನು ಮನೋಧರ್ಮ ಸಂಗೀತ ಎನ್ನಬಹುದು. ಕೃತಿಯ ಚೌಕಟ್ಟಿಗಿಂತ ಆಲಾಪನೆಯ ಉಸಿರು ಇಲ್ಲಿ ಪ್ರಧಾನ. ಸ್ವರಮೇಳಗಳ ಕ್ಷಿಪ್ರ ಬದಲಾವಣೆಯನ್ನು ಬಿಟ್ಟು ಒಂದೇ ಸ್ವರಶ್ರೇಣಿಯಲ್ಲಿ ನಿಂತು ವಿಸ್ತರಿಸುವ ಈ ಕ್ರಮ, 1959ರಲ್ಲಿ ಡೇವಿಸ್ ಹೊರತಂದ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆಯಲ್ಲಿ ಪಕ್ವಗೊಂಡಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಸಂಗೀತ ಅಪರಾಧದ ಘೋಷಣೆಯನ್ನು ಮಾಡುವುದಿಲ್ಲ. ಗುಂಡು ಹಾರುವ ಹೊತ್ತಿಗೆ ನಮಗೆ ಕೇಳಿಸುವುದು ಪಕ್ಕದ ಕೋಣೆಯಲ್ಲಿ ಸಹಾಯಕಿಯೊಬ್ಬಳು ಪೆನ್ಸಿಲ್ ಹೆರೆಯುವ ವಿದ್ಯುತ್ ಯಂತ್ರದ ಸದ್ದು. ಕೊಲೆಯನ್ನು ಮರೆಮಾಚುವುದು ಕಚೇರಿಯ ದಿನನಿತ್ಯದ ಗದ್ದಲವೇ. ಕಹಳೆಯಾದರೋ ಫ್ಲೋರೆನ್ಸಳ ನಡಿಗೆಗೆ ತನ್ನ ಅತಿ ದೀರ್ಘವಾದ ಉಸಿರನ್ನು ಮೀಸಲಿರಿಸುತ್ತದೆ. ಛಾಯಾಗ್ರಾಹಕ ಆನ್ರಿ ದೆಕಾ ಹೆಚ್ಚುವರಿ ದೀಪಗಳನ್ನು ಬಳಸದೆ, ಮಗುವಿನ ತಳ್ಳುಗಾಡಿಯಲ್ಲಿ ಕ್ಯಾಮೆರಾ ಇರಿಸಿಕೊಂಡು, ಅಂಗಡಿಗಳ ಬೆಳಕಿನಲ್ಲೇ ನಟಿ ಜಾನ್ ಮೋರೋ ಅವರ ಮುಖವನ್ನು ಚಿತ್ರಿಸಿದರು. ಬೆಳಕಿನಂತೆಯೇ ಸಂಗೀತವೂ ಇಲ್ಲಿ ಅಲಂಕಾರವನ್ನು ಕಳಚಿಟ್ಟಿದೆ.

ಭಾರತೀಯ ಕಾವ್ಯಮೀಮಾಂಸೆಯ ಅಷ್ಟನಾಯಿಕೆಯರಲ್ಲಿ ವಿರಹೋತ್ಕಂಠಿತೆ ಮತ್ತು ವಿಪ್ರಲಬ್ಧೆ ಎಂಬ ಎರಡು ಅವಸ್ಥೆಗಳಿವೆ. ಪ್ರಿಯನ ಬರವಿಗಾಗಿ ಕಾತರಿಸುವವಳು ಮೊದಲನೆಯವಳು. ಸಂಕೇತಸ್ಥಾನಕ್ಕೆ ಆತ ಬಾರದೆ ವಂಚಿತಳಾದವಳು ಎರಡನೆಯವಳು. ಫ್ಲೋರೆನ್ಸ್ ಒಂದೇ ಇರುಳಿನಲ್ಲಿ ಈ ಎರಡರ ನಡುವೆ ತೂಗಾಡುತ್ತಾಳೆ. ಅವನು ವಂಚಿಸಿದನೋ, ಸಿಕ್ಕಿಬಿದ್ದನೋ, ಸತ್ತನೋ ಎಂಬುದು ಅವಳಿಗೆ ತಿಳಿಯದು. ಪ್ರೇಕ್ಷಕರಾದ ನಮಗೆ ತಿಳಿದಿದೆ. ರೂಢಿಯ ರೋಚಕ ಚಿತ್ರದಲ್ಲಾಗಿದ್ದರೆ ಸಂಗೀತ ನಮ್ಮ ಪಕ್ಷವನ್ನು ವಹಿಸಿ ‘ಅವನು ಅಲ್ಲಿದ್ದಾನೆ’ ಎಂದು ಸೂಚಿಸುತ್ತಿತ್ತು. ಇಲ್ಲಿ ಅದು ತಿಳಿಯದವಳ ಜೊತೆಗೆ ನಡೆಯುತ್ತದೆ. ಕೊಲೆಗೆ ಪಾಲುದಾರಳಾದ ಹೆಣ್ಣಿನ ಬಗ್ಗೆ ನಮಗೆ ತೀರ್ಪಿಗಿಂತ ಮೊದಲು ಮರುಕ ಹುಟ್ಟುವುದು ಈ ಕಾರಣದಿಂದ.

ಯಕ್ಷಗಾನದ ಭಾಗವತನನ್ನು ನೆನೆದರೆ ಈ ವ್ಯತ್ಯಾಸ ಇನ್ನಷ್ಟು ನಿಚ್ಚಳವಾಗುತ್ತದೆ. ಭಾಗವತ ಕಥೆಯ ಆದಿ ಅಂತ್ಯಗಳನ್ನು ಬಲ್ಲವನು. ಪಾತ್ರಕ್ಕೆ ತಿಳಿಯದ್ದೂ ಅವನಿಗೆ ತಿಳಿದಿರುತ್ತದೆ. ಅವನ ಪದವೇ ಪಾತ್ರವನ್ನು ಕುಣಿಸುತ್ತದೆ. ನಮ್ಮ ರಂಗಪರಂಪರೆಯಲ್ಲಿ ಸಂಗೀತವೆಂದರೆ ಬಹುಮಟ್ಟಿಗೆ ತಿಳಿದವನ ಸಂಗೀತ. ಡೇವಿಸ್ ಅವರ ಕಹಳೆ ತಿಳಿಯದವರ ಸಂಗೀತ.

ಫ್ರೆಂಚ್ ಅಪರಾಧ ಚಿತ್ರಗಳಲ್ಲಿ ಇದೊಂದೇ ಮಾರ್ಗವಿರಲಿಲ್ಲ. ಝಾಕ್ ಬೆಕರ್ ಅವರ ‘ತುಷೇ ಪಾ ಓ ಗ್ರಿಸ್ಬಿ’ (1954) ಚಿತ್ರದಲ್ಲಿ ವೃದ್ಧಾಪ್ಯದ ಹೊಸ್ತಿಲಲ್ಲಿರುವ ದರೋಡೆಕೋರ ಮ್ಯಾಕ್ಸ್ ತನಗೆ ಪ್ರಿಯವಾದ ಹಾರ್ಮೋನಿಕಾ ಧಾಟಿಯನ್ನು ತಾನೇ ಜೂಕ್‌ಬಾಕ್ಸಿನಲ್ಲಿ ಹಾಕಿಕೊಂಡು ಕೇಳುತ್ತಾನೆ. ಸಂಗೀತ ಅಲ್ಲಿ ಪಾತ್ರದ ಸ್ವಂತ ಆಸ್ತಿ. ಜೂಲ್ಸ್ ಡ್ಯಾಸಿನ್ ಅವರ ‘ರಿಫಿಫಿ’ (1955) ಚಿತ್ರದಲ್ಲಿ ಆಭರಣದಂಗಡಿಯ ದರೋಡೆ ಸುಮಾರು ಅರ್ಧ ಗಂಟೆಯ ಕಾಲ ಮಾತಿಲ್ಲದೆ, ಸಂಗೀತವಿಲ್ಲದೆ ಸಾಗುತ್ತದೆ. ಸಂಯೋಜಕ ಜಾರ್ಜ್ ಓರಿಕ್ ಆ ಭಾಗಕ್ಕೂ ಸಂಗೀತ ಬೇಕೆಂದು ಮೊದಲು ವಾದಿಸಿ, ಎರಡೂ ಬಗೆಯಲ್ಲಿ ನೋಡಿದ ಬಳಿಕ ಮೌನವನ್ನೇ ಒಪ್ಪಿದರು. ಸ್ವಂತ ಧಾಟಿ, ಪೂರ್ಣ ಮೌನ, ಜೊತೆನಡೆಯುವ ಆಲಾಪ: ಈ ಮೂರು ಮಾದರಿಗಳನ್ನು ಮುಂದಿನ ಚರ್ಚೆಗಾಗಿ ನೆನಪಿಡಬೇಕು.

3. ಕನ್ನಡದ ಸಂದರ್ಭ: ಕ್ಲಬ್ಬಿನ ಹಾಡಿನಿಂದ ನೆನಪಿನ ಹಾಡಿಗೆ

ಕನ್ನಡದಲ್ಲಿ ಆಧುನಿಕ ಗೂಢಚರ್ಯೆಯ ಚಿತ್ರಕ್ಕೆ ಅಡಿಗಲ್ಲು ಹಾಕಿದವರು ದೊರೈ–ಭಗವಾನ್ ಜೋಡಿ. ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ (1969) ಹಾಗೂ ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರಗಳಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು; ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಪೌರಾಣಿಕ, ಐತಿಹಾಸಿಕ ಚಿತ್ರಗಳ ಮೂಲಕ ಮನೆಮಾತಾಗಿದ್ದ ನಟನನ್ನು ಸೂಟು ತೊಟ್ಟ ಗೂಢಚಾರನನ್ನಾಗಿ ಪ್ರೇಕ್ಷಕರು ಒಪ್ಪಬೇಕಾಗಿತ್ತು. ಆ ಒಪ್ಪಿಗೆಯನ್ನು ಗಳಿಸಿಕೊಡುವ ಕೆಲಸದಲ್ಲಿ ಪಾಶ್ಚಾತ್ಯ ವಾದ್ಯಗಳ ಬಳಕೆಗೆ ಗಣ್ಯ ಪಾಲಿದೆ. ಡೈಮಂಡ್ ರಾಕೆಟ್ ಚಿತ್ರದಲ್ಲಿ ರಾಜ್‌ಕುಮಾರ್ ಸ್ವತಃ ಹಾಡಿದ ಇಂಗ್ಲಿಷ್ ಸಾಲುಗಳ ಹಾಡು ಇಂದಿಗೂ ಜನರ ನೆನಪಿನಲ್ಲಿದೆ. ಅದನ್ನು ವಿನೋದವೆಂದು ತಳ್ಳಿಹಾಕುವಂತಿಲ್ಲ. ಕನ್ನಡದ ನಾಯಕ ಹೊರನಾಡಿನ ವೇಷದಲ್ಲಿಯೂ ತನ್ನ ಧ್ವನಿಯನ್ನು ಉಳಿಸಿಕೊಳ್ಳಬಲ್ಲ ಎಂಬ ಆತ್ಮವಿಶ್ವಾಸ ಅದರಲ್ಲಿದೆ.

ಈ ಬಗೆಯ ಚಿತ್ರಗಳಲ್ಲಿ ಕ್ಲಬ್ಬಿನ ಹಾಡು ಕಥೆಗೆ ಹೊರತಾದ ಮನರಂಜನೆ ಎಂಬ ಆಕ್ಷೇಪ ಸಾಮಾನ್ಯ. ಆದರೆ ಅಪರಾಧಿ ಮತ್ತು ಪತ್ತೇದಾರ ಒಂದೇ ಚಾವಣಿಯಡಿ ಒಬ್ಬರನ್ನೊಬ್ಬರು ಅಳೆಯಲು, ನೋಟದಲ್ಲೇ ಸಂದೇಶ ರವಾನೆಯಾಗಲು ಆ ಸ್ಥಳ ಅನುವು ಮಾಡಿಕೊಡುತ್ತದೆ. ಅದು ‘ಗ್ರಿಸ್ಬಿ’ಯ ಜೂಕ್‌ಬಾಕ್ಸಿನಂತೆ ಕಥೆಯ ಲೋಕದೊಳಗೇ ಹುಟ್ಟುವ ಸಂಗೀತ. ಕಂಪನಿ ನಾಟಕಗಳಲ್ಲಿ ಹಾಡಿನ ನಡುವೆಯೇ ಕಥೆ ಸಾಗುತ್ತಿದ್ದುದನ್ನು ಬಲ್ಲ ಪ್ರೇಕ್ಷಕವರ್ಗಕ್ಕೆ ಇದು ಅಸಹಜವೆನಿಸಲಿಲ್ಲ.

ಕಾಶಿನಾಥ್ ನಿರ್ದೇಶನದ ‘ಅಪರಿಚಿತ’ (1978) ಈ ದಾರಿಯನ್ನು ಬದಲಿಸಿತು. ಎಲ್. ವೈದ್ಯನಾಥನ್ ಸಂಗೀತ ನೀಡಿದ ಈ ಚಿತ್ರದಲ್ಲಿ ಸಿಹಿ ಹಾಗೂ ಕಹಿ ನೆನಪುಗಳನ್ನು ಕುರಿತು ವಾಣಿ ಜಯರಾಂ ಹಾಡಿದ ಗೀತೆಯೊಂದಿದೆ. ಅಪರಾಧ ಕಥೆಯಲ್ಲಿ ನೆನಪು ಎಂದರೆ ಸಾಕ್ಷ್ಯ. ಯಾರು ಏನನ್ನು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆಯೇ ರಹಸ್ಯ ನಿಂತಿರುತ್ತದೆ. ಹೀಗಿರುವಾಗ ನೆನಪನ್ನೇ ವಸ್ತುವಾಗಿಸಿಕೊಂಡ ಹಾಡು ಕೊಲೆಯ ಕಥೆಯೊಳಗೆ ಬರುವುದು ಆಕಸ್ಮಿಕವಲ್ಲ. ಹಾಡು ಕ್ಲಬ್ಬನ್ನು ತೊರೆದು ಮನಸ್ಸಿನೊಳಗೆ ನೆಲೆಸಿತು. ಇದೇ ವೈದ್ಯನಾಥನ್ ಮುಂದೆ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಸಂಗೀತ ನೀಡಿದರೆಂಬುದನ್ನು ಇಲ್ಲಿ ಸ್ಮರಿಸಬಹುದು.

4. ಹಾಡಿಲ್ಲದ ಚಿತ್ರ

ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ 1985ರಲ್ಲಿ ತೆರೆಕಂಡಿತು. ಸಾಮಾಜಿಕ ಸಮಸ್ಯೆಗಳನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ದೊರೆಯಿತು. ಅಮಲಿನಲ್ಲಿ ಕಾರು ಓಡಿಸುವ ಸಿರಿವಂತ ಯುವಕರು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಅದನ್ನು ಹರಿಸುತ್ತಾರೆ. ರಾಜಕಾರಣಿಯಾದ ತಂದೆ ಧರ್ಮಾಧಿಕಾರಿ ಪ್ರಕರಣವನ್ನು ಮುಚ್ಚಿಹಾಕಲು ತೊಡಗುತ್ತಾನೆ. ಪತ್ರಕರ್ತನೊಬ್ಬ ಸತ್ಯದ ಬೆನ್ನುಹತ್ತುತ್ತಾನೆ. ಅನಂತ್ ನಾಗ್, ಶಂಕರ್ ನಾಗ್, ರಮೇಶ್ ಭಟ್ ಮುಂತಾದವರು ಅಭಿನಯಿಸಿದ ಈ ಚಿತ್ರದಲ್ಲಿ ಒಂದೂ ಹಾಡಿಲ್ಲ. ಹಿನ್ನೆಲೆ ಸಂಗೀತ ಇಳಯರಾಜ ಅವರದು. ಒಂದು ಕಾಲಕ್ಕೆ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದವರು ಇಳಯರಾಜ. ಸಿ.ಐ.ಡಿ. 999ರ ಸಂಗೀತಶಾಲೆಯ ಕೊಂಡಿ ಹೀಗೆ ಹಾಡಿಲ್ಲದ ಚಿತ್ರದವರೆಗೆ ಚಾಚಿಕೊಂಡಿದೆ.

ಇದೇ ನಿರ್ದೇಶಕ, ಇದೇ ಸಂಯೋಜಕರ ‘ಗೀತಾ’ (1981) ಚಿತ್ರದ ಹಾಡುಗಳು ನಾಡಿನ ತುಂಬ ಮೊಳಗಿದ್ದವು. ಹಾಡುಗಳಿಂದ ಗೆಲ್ಲಬಲ್ಲ ಜೋಡಿಯೇ ಹಾಡನ್ನು ಕೈಬಿಟ್ಟಿತೆಂದರೆ ಅದನ್ನು ಅಶಕ್ತಿ ಎನ್ನಲಾಗದು, ಅದು ನಿಲುವು. ನಮ್ಮ ಸಂಸ್ಕೃತಿಯಲ್ಲಿ ಸಾವಿಗೂ ಹಾಡುಂಟು. ಕಂಪನಿ ನಾಟಕದ ರಂಗದ ಮೇಲೆ ಸಾಯುವ ಪಾತ್ರವೂ ಹಾಡಿಯೇ ಸಾಯುತ್ತಿತ್ತು. ಪಾದಚಾರಿ ಮಾರ್ಗದಲ್ಲಿ ಸತ್ತವರಿಗೆ ಅದೂ ಇಲ್ಲ. ಅವರ ಸಾವನ್ನು ಕಡತದಿಂದ ಅಳಿಸಲು ಅಧಿಕಾರ ಹವಣಿಸುತ್ತಿರುವಾಗ, ಶೋಕಗೀತೆಯೊಂದು ಪ್ರೇಕ್ಷಕನ ದುಃಖವನ್ನು ಸುಲಭವಾಗಿ ಹಗುರಗೊಳಿಸಿಬಿಡುತ್ತಿತ್ತು. ಹಾಡಿನ ನಿರಾಕರಣೆಯಿಂದ ಆ ಸಮಾಧಾನವನ್ನು ಚಿತ್ರ ನಮಗೆ ಕೊಡದೆ ತಡೆಹಿಡಿಯುತ್ತದೆ. ‘ರಿಫಿಫಿ’ಯ ಮೌನ ಕಳ್ಳರ ಕುಶಲತೆಯನ್ನು ಮೆರೆಸಿದರೆ, ‘ಆಕ್ಸಿಡೆಂಟ್’ನ ಗೀತರಾಹಿತ್ಯ ಬಲಿಯಾದವರ ಅನಾಥತೆಯನ್ನು ಎತ್ತಿಹಿಡಿಯುತ್ತದೆ. ಮಾಲ್ ಅವರ ಚಿತ್ರದಲ್ಲಿಯೂ ಇಲ್ಲಿಯೂ ಇರುಳು, ಕಾರು ಮತ್ತು ಹೊಣೆಯರಿಯದ ತಾರುಣ್ಯ ಸಮಾನವಾಗಿವೆ. ಅಲ್ಲಿ ಕಹಳೆ ಅಲೆಯುವವಳ ಜೊತೆಗಿದೆ. ಇಲ್ಲಿ ಬೀದಿಯಲ್ಲಿ ಮಲಗಿದವರ ಜೊತೆಗೆ ಯಾವ ಹಾಡೂ ಇಲ್ಲವೆಂಬುದೇ ಅರ್ಥಪೂರ್ಣವಾಗುತ್ತದೆ.

ಸುನೀಲ್ ಕುಮಾರ್ ದೇಸಾಯಿ ಅವರ ‘ತರ್ಕ’ (1989) ಮತ್ತು ‘ನಿಷ್ಕರ್ಷ’ (1993) ಈ ಮಾರ್ಗವನ್ನು ಮುಂದುವರಿಸಿದವು. ‘ನಿಷ್ಕರ್ಷ’ದಲ್ಲಿ ಬ್ಯಾಂಕ್ ದರೋಡೆಕೋರರು ಒತ್ತೆಯಾಳುಗಳನ್ನು ಹಿಡಿದಿರುವ ಒಂದೇ ಕಟ್ಟಡ ಕಥೆಯ ನೆಲೆ. ಇಂಥ ಕಥೆಯಲ್ಲಿ ಕಾಲ ನಿಲ್ಲುವಂತಿಲ್ಲ. ಹಾಡು ಕಾಲವನ್ನು ನಿಲ್ಲಿಸುತ್ತದೆ. ಆದ್ದರಿಂದ ಇಲ್ಲಿ ಹಾಡಿನ ಲೋಪಕ್ಕೆ ಕಾರಣ ನೈತಿಕತೆಗಿಂತ ಹೆಚ್ಚಾಗಿ ಕಥನದ ಓಟ. ಎರಡೂ ಹಾಡಿಲ್ಲದ ಚಿತ್ರಗಳೇ ಆದರೂ ‘ಆಕ್ಸಿಡೆಂಟ್’ ಮತ್ತು ‘ನಿಷ್ಕರ್ಷ’ಗಳ ಮೌನಗಳು ಬೇರೆ ಬೇರೆ. ಹಾಡು ಇಲ್ಲದಿರುವುದನ್ನೇ ಪ್ರೌಢತೆಯ ಲಕ್ಷಣವೆಂದು ಹೊಗಳುವ ವಿಮರ್ಶೆ ಈ ಭೇದವನ್ನು ಕಾಣಲಾರದು.

5. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅಪರಾಧ ಚಿತ್ರದ ಸಂಗೀತವನ್ನು ಅದು ಎಷ್ಟು ಬೆಚ್ಚಿಬೀಳಿಸುತ್ತದೆ ಎಂಬುದರಿಂದ ಅಳೆಯುವುದು ಸಾಲದು. ಅದು ಯಾರ ಜೊತೆಗೆ ನಿಲ್ಲುತ್ತದೆ, ಯಾರನ್ನು ಕುರಿತು ಮೌನವಾಗುತ್ತದೆ ಎಂಬುದನ್ನು ಕೇಳಬೇಕು. ಎರಡನೆಯದಾಗಿ, ಹಾಡಿನಿಂದ ಹಾಡಿಲ್ಲದತ್ತ ಸಾಗಿದ ಕನ್ನಡದ ಈ ನಡೆಯನ್ನು ನೇರವಾದ ಪ್ರಗತಿ ಎನ್ನಲಾಗದು. ಪ್ರತಿ ಘಟ್ಟದಲ್ಲೂ ಸಂಗೀತ ತನ್ನದೇ ಆದ ಕಥನಕಾರ್ಯವನ್ನು ನಿರ್ವಹಿಸಿದೆ.

ಇಂಥ ಅಧ್ಯಯನ ಮುಂದುವರಿಯಬೇಕಾದರೆ ಆಕರಗಳು ಬೇಕು. ಕನ್ನಡ ಚಿತ್ರಗಳ ಸಂಗೀತ ದೀರ್ಘಕಾಲ ಮದರಾಸಿನ ಧ್ವನಿಮುದ್ರಣ ಶಾಲೆಗಳಲ್ಲಿ ಸಿದ್ಧವಾಗುತ್ತಿತ್ತು. 1966ರಲ್ಲಿ ಯಶವಂತಪುರದ ಬದಿಯಲ್ಲಿ ಕಂಠೀರವ ಸ್ಟುಡಿಯೋ ಸ್ಥಾಪನೆಯಾದ ಮೇಲೆ ಚಿತ್ರೀಕರಣಕ್ಕೆ ಬೆಂಗಳೂರಿನ ಉತ್ತರ ಭಾಗದಲ್ಲೇ ನೆಲೆ ದೊರೆತರೂ, ಧ್ವನಿಯ ನೆಲೆ ಬಹುಕಾಲ ಹೊರಗೇ ಉಳಿಯಿತು. ಶಂಕರ್ ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಶಾಲೆಯನ್ನು ಕಟ್ಟಲು ಮುಂದಾದುದರ ಮಹತ್ವ ಈ ಹಿನ್ನೆಲೆಯಲ್ಲಿ ಮನವರಿಕೆಯಾಗುತ್ತದೆ. ಒಂದು ಇರುಳಿನಲ್ಲಿ ನುಡಿಸಿದ ಡೇವಿಸ್ ಅವರ ಸಂಗೀತ ಪ್ರತ್ಯೇಕ ಧ್ವನಿಮುದ್ರಿಕೆಯಾಗಿ ಹೊರಬಂದುದರಿಂದಲೇ ಅದನ್ನು ಇಂದು ಬಿಡಿಬಿಡಿಯಾಗಿ ಕೇಳಿ ಚರ್ಚಿಸುವುದು ಸಾಧ್ಯವಾಗಿದೆ. ಕನ್ನಡದ ಹಿನ್ನೆಲೆ ಸಂಗೀತಕ್ಕೂ ಅಂಥ ಅವಕಾಶ ಒದಗಬೇಕು. ಉಳಿದಿರುವ ಧ್ವನಿಪಟ್ಟಿಗಳನ್ನು, ಸಂಯೋಜಕರ ಮತ್ತು ವಾದಕರ ಟಿಪ್ಪಣಿಗಳನ್ನು, ಆ ಕಾಲದ ವಾದ್ಯಗಾರರ ಮೌಖಿಕ ನಿರೂಪಣೆಗಳನ್ನು ಸಂಗ್ರಹಿಸುವ ಕೆಲಸವನ್ನು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ಒಟ್ಟಾಗಿ ಕೈಗೊಳ್ಳಬೇಕಾಗಿದೆ. ವಾದಕರ ತಲೆಮಾರು ಕಣ್ಮರೆಯಾಗುವ ಮುನ್ನ ಈ ಕಾರ್ಯ ನಡೆದರೆ, ನಾವು ನೋಡಿದ ಚಿತ್ರಗಳನ್ನು ಮುಂದಿನವರು ಕೇಳಲೂ ಸಾಧ್ಯವಾದೀತು.