ಚಂಡಮಾರುತದ ಶಂಕುನಕ್ಷೆ: ಒಂದು ವಿಮರ್ಶೆ

ವಿಪತ್ತಿನ ಕಾಲದಲ್ಲಿ ಜನರ ಮುಂದಿಡುವ ನಕ್ಷೆಯನ್ನು ಕೇವಲ ಶಾಸ್ತ್ರೀಯ ಸಾಧನವೆಂದು ಎಣಿಸುವುದು ವಾಡಿಕೆ. ಅಳತೆ ಸರಿಯಾಗಿದೆಯೆ, ಆಧಾರಗಳಿಗೆ ನಿಷ್ಠವಾಗಿದೆಯೆ ಎಂದು ಪರೀಕ್ಷಿಸಿ, ಸರಿಯೆಂದು ಕಂಡರೆ ಒಪ್ಪಿಬಿಡುತ್ತೇವೆ. ಆದರೆ ಅಂಥ ನಕ್ಷೆ ಒಂದು ಬಗೆಯ ಬರಹವೂ ಹೌದು. ಅದಕ್ಕೆ ಓದುಗನಿದ್ದಾನೆ, ಅವನಿಗೆ ಹೆಚ್ಚು ಹೊತ್ತಿಲ್ಲ, ತಪ್ಪಾಗಿ ಓದಿದರೆ ತಿದ್ದಿಕೊಳ್ಳುವ ಅವಕಾಶ ಮತ್ತೆ ದೊರೆಯದೆ ಹೋಗಬಹುದು. ಹೀಗಿರಲು ಸಾಹಿತ್ಯವಿಮರ್ಶಕನು ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕಾಗುತ್ತದೆ: ಬರೆದವರು ಹೇಳಬಯಸಿದ್ದೇನು, ಓದಿದವರಿಗೆ ತಲುಪಿದ್ದೇನು? ಈ ದೃಷ್ಟಿಯಿಂದ ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರದ ಪ್ರಸಿದ್ಧವಾದ ಶಂಕುನಕ್ಷೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ನಕ್ಷೆಯ ಸ್ವರೂಪವನ್ನು ತಿಳಿಯೋಣ. ಚಂಡಮಾರುತದ ಕೇಂದ್ರ ಈಗ ಇರುವ ಸ್ಥಳದಿಂದ ಹೊರಟು, ಮುಂದೆ ಮುಂದೆ ಅಗಲವಾಗುತ್ತ ಹೋಗುವ ಒಂದು ಪಟ್ಟಿ ಅದರಲ್ಲಿ ಕಾಣುತ್ತದೆ. ಐದು ದಿನಗಳವರೆಗಿನ ಮುನ್ಸೂಚನೆಯಲ್ಲಿ ಕೇಂದ್ರವು ಯಾವ ಹೊತ್ತಿಗೆ ಎಲ್ಲಿರಬಹುದೆಂದು ಗುರುತಿಸಿ, ಆ ಒಂದೊಂದು ಬಿಂದುವಿನ ಸುತ್ತಲೂ ಒಂದೊಂದು ವೃತ್ತವನ್ನು ಎಳೆಯುತ್ತಾರೆ. ಹಿಂದಿನ ಐದು ವರ್ಷಗಳ ಮುನ್ಸೂಚನೆಗಳಲ್ಲಿ ಆದ ತಪ್ಪುಗಳ ಮೂರರಲ್ಲಿ ಎರಡು ಪಾಲು ಒಳಗೆ ಅಡಗುವಂತೆ ವೃತ್ತದ ಅಳತೆಯನ್ನು ನಿರ್ಧರಿಸಿರುತ್ತಾರೆ. ವೃತ್ತಗಳ ಹೊರ ಅಂಚನ್ನು ಕೂಡಿಸಿದರೆ ಶಂಕುವಿನ ಆಕಾರ ಮೂಡುತ್ತದೆ. ಅನೇಕ ವೇಳೆ ಅದರ ನಡುವೆ ಒಂದು ಕಪ್ಪು ಗೆರೆಯೂ ಇರುತ್ತದೆ.

ಈ ರಚನೆಯಿಂದ ಮೂರು ಸಂಗತಿಗಳು ಫಲಿಸುತ್ತವೆ. ಒಂದು, ಶಂಕು ಹೇಳುವುದು ಕೇಂದ್ರದ ಹಾದಿಯನ್ನು ಮಾತ್ರ. ಗಾಳಿ, ಮಳೆ, ಕಡಲುಬ್ಬರಗಳ ವ್ಯಾಪ್ತಿಯನ್ನಲ್ಲ. ಎರಡು, ಕೇಂದ್ರವೇ ಶಂಕುವಿನಾಚೆಗೆ ಸರಿಯುವ ಸಂಭವ ಅಲ್ಪವೇನಲ್ಲ. ಮೂರು, ಶಂಕುವಿನ ಅಗಲಕ್ಕೂ ಚಂಡಮಾರುತದ ಗಾತ್ರಕ್ಕೂ ಸಂಬಂಧವಿಲ್ಲ. ಒಂದು ಋತುವಿನ ಎಲ್ಲ ಚಂಡಮಾರುತಗಳಿಗೂ ಅಳತೆ ಒಂದೇ. ಸಾಮಾನ್ಯ ಓದುಗನಿಗೆ ತೋರುವುದು ಇದಕ್ಕೆ ತೀರ ವಿರುದ್ಧ. ಪಟ್ಟಿ ಅಗಲವಾದಂತೆ ಗಾಳಿ ಬೆಳೆಯುತ್ತಿದೆ ಎಂದು ಅವನು ತಿಳಿಯುತ್ತಾನೆ. ತನ್ನ ಊರು ಅಂಚಿನಿಂದ ಹೊರಗಿದ್ದರೆ ಅಪಾಯವಿಲ್ಲವೆಂದೂ, ಕಪ್ಪು ಗೆರೆಯಿಂದ ದೂರವಿದ್ದರೆ ಅಪಾಯ ಕಡಿಮೆಯೆಂದೂ ಭಾವಿಸುತ್ತಾನೆ.

2004ರ ಆಗಸ್ಟಿನಲ್ಲಿ ಬಂದ ಚಾರ್ಲಿ ಚಂಡಮಾರುತ ಇದಕ್ಕೆ ನಿದರ್ಶನ. ಮುನ್ಸೂಚನೆಯ ಗೆರೆ ಫ್ಲಾರಿಡಾದ ಟ್ಯಾಂಪಾ ನಗರದ ಕಡೆ ಹೊರಟಿತ್ತು. ಆಗಸ್ಟ್ 13ರಂದು ಚಂಡಮಾರುತವು ತಿರುಗಿ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರು ದೂರದ ಕಾಯೋ ಕೋಸ್ಟಾ ದ್ವೀಪದ ಬಳಿ ದಡ ಮುಟ್ಟಿ, ಪುಂಟಾ ಗೋರ್ಡಾ ಪಟ್ಟಣವನ್ನು ಧ್ವಂಸಗೊಳಿಸಿತು. ಆ ಸ್ಥಳ ಶಂಕುವಿನ ಒಳಗೇ ಇತ್ತು. ಆ ಕರಾವಳಿಗೆ ಎಚ್ಚರಿಕೆಯೂ ಮೊದಲೇ ಹೊರಟಿತ್ತು. ಆದರೂ ಅನೇಕರು ಗೆರೆಯನ್ನೇ ನಂಬಿದ್ದರು. ನಕ್ಷೆ ಸುಳ್ಳು ಹೇಳಿರಲಿಲ್ಲ. ಆದರೆ ಅದು ಹೇಳಿದ ನಿಜ ಓದುಗನಿಗೆ ತಲುಪಿರಲಿಲ್ಲ.

ಹದಿನೆಂಟು ವರ್ಷಗಳ ತರುವಾಯ, 2022ರ ಸೆಪ್ಟೆಂಬರ್ 28ರಂದು, ಇಯಾನ್ ಚಂಡಮಾರುತವು ಅದೇ ಕಾಯೋ ಕೋಸ್ಟಾದಲ್ಲಿ, ಚಾರ್ಲಿಯಷ್ಟೇ ವೇಗದಿಂದ, ಎಂದರೆ ಗಂಟೆಗೆ ಸುಮಾರು 240 ಕಿಲೋಮೀಟರು ವೇಗದ ಗಾಳಿಯೊಡನೆ ದಡ ಮುಟ್ಟಿತು. ಈ ಸಲವೂ ನಡುವೆ ಕೆಲವು ಮುನ್ಸೂಚನೆಗಳ ನಡುಗೆರೆ ಟ್ಯಾಂಪಾದ ಕಡೆ ಇತ್ತು. ಹೆಚ್ಚು ಹಾನಿಗೊಳಗಾದ ಲೀ ಕೌಂಟಿಯಲ್ಲಿ ಜನ ಸ್ಥಳ ಬಿಡಬೇಕೆಂಬ ಆಜ್ಞೆ ಹೊರಟದ್ದು ಹಿಂದಿನ ದಿನ ಬೆಳಗ್ಗೆ. ಈ ವಿಳಂಬಕ್ಕೆ ನಕ್ಷೆಯೊಂದೇ ಕಾರಣವೆನ್ನುವುದು ಅನ್ಯಾಯ. ಆದರೆ ಕೊಂದದ್ದು ಯಾವುದು ಎಂಬುದನ್ನು ನೋಡಬೇಕು. ಚಂಡಮಾರುತದಿಂದ ನೇರವಾಗಿ ಸತ್ತ 66 ಮಂದಿಯಲ್ಲಿ 41 ಮಂದಿಯನ್ನು ಬಲಿ ತೆಗೆದುಕೊಂಡದ್ದು ಕಡಲುಬ್ಬರ. ಆ ಕಡಲುಬ್ಬರದ ಮಾತನ್ನೇ ಶಂಕು ಎತ್ತುವುದಿಲ್ಲ.

ತಪ್ಪು ಓದುಗನದು, ವಿವರಣೆಯನ್ನು ನಕ್ಷೆಯ ಮೇಲೆಯೇ ಅಚ್ಚುಮಾಡಿದೆಯಲ್ಲ, ಎಂದು ಕೆಲವರು ವಾದಿಸಬಹುದು. ಈ ವಾದ ನಿಲ್ಲುವುದಿಲ್ಲ. ಆಕಾರವೊಂದು ಹೇಳಿದ್ದನ್ನು ಅಡಿಬರಹ ಅಲ್ಲಗಳೆದರೆ, ಅವಸರದಲ್ಲಿರುವವನು ಆಕಾರವನ್ನೇ ನಂಬುತ್ತಾನೆ. ಶಂಕುವಿನ ದೋಷ ಅದರ ಕಾಠಿನ್ಯದಲ್ಲಿಲ್ಲ. ಅದು ಒಂದೇ ನೋಟಕ್ಕೆ ತಿಳಿದಂತೆ ತೋರುತ್ತದೆ. ಅದರಿಂದಲೇ ಓದುಗನು ವಿವರಣೆಯ ತಂಟೆಗೆ ಹೋಗುವುದಿಲ್ಲ.

ಇದರ ಪಕ್ಕದಲ್ಲಿ ಅದೇ ಕೇಂದ್ರದ ಕಡಲುಬ್ಬರದ ನಕ್ಷೆಯನ್ನು ಇಟ್ಟು ನೋಡಬೇಕು. 2014ರಲ್ಲಿ ಪ್ರಯೋಗಾರ್ಥವಾಗಿ ಆರಂಭವಾಗಿ, 2016ರಿಂದ ಬಳಕೆಗೆ ಬಂದ ಈ ನಕ್ಷೆಯಲ್ಲಿ ನೀರಿನ ಎತ್ತರವನ್ನು ಅಳೆದಿರುವುದು ಸಮುದ್ರಮಟ್ಟದಿಂದಲ್ಲ, ಓದುಗನು ನಿಂತ ನೆಲದಿಂದ. 3 ಅಡಿಯವರೆಗೆ ನೀಲಿ, 3 ಅಡಿಗೆ ಮೀರಿದರೆ ಹಳದಿ, 6 ಅಡಿಗೆ ಮೀರಿದರೆ ಕಿತ್ತಳೆ, 9 ಅಡಿಗೆ ಮೀರಿದರೆ ಕೆಂಪು. ಶಂಕುವಿಗಿಂತ ಇದರಲ್ಲಿ ವಿವರ ಹೆಚ್ಚು, ಬಣ್ಣ ಹೆಚ್ಚು; ಆದರೂ ಇದನ್ನು ಸರಿಯಾಗಿ ಓದುವುದು ಸುಲಭ. ಏಕೆಂದರೆ ಚಂಡಮಾರುತದ ಕೇಂದ್ರ ಎಲ್ಲಿಗೆ ಹೋಗುತ್ತದೆ ಎಂಬುದು ಹವಾಮಾನಶಾಸ್ತ್ರಜ್ಞನ ಪ್ರಶ್ನೆ. ನನ್ನ ಮನೆಯ ಬಾಗಿಲಲ್ಲಿ ನೀರು ಎಷ್ಟು ಏರುತ್ತದೆ ಎಂಬುದು ಗೃಹಸ್ಥನ ಪ್ರಶ್ನೆ. 2024ರಲ್ಲಿ ಶಂಕುನಕ್ಷೆಗೆ ಒಳನಾಡಿನ ಎಚ್ಚರಿಕೆಗಳನ್ನೂ ಬಣ್ಣಗಳಲ್ಲಿ ಸೇರಿಸುವ ಪ್ರಯೋಗ ನಡೆದದ್ದು ಸ್ವಾಗತಾರ್ಹ. ಆದರೆ ಹಳೆಯ ಆಕಾರ ಹಾಗೆಯೇ ಉಳಿಯಿತು.

ಈ ವಿಚಾರ ನಮಗೆ ಹೊರಗಿನದಲ್ಲ. ಭಾರತದ ಹವಾಮಾನ ಇಲಾಖೆಯೂ 2009ರಿಂದ ಇಂಥ ಶಂಕುವನ್ನು ಬಳಸುತ್ತ ಬಂದಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಕೇಂದ್ರ ಅರಬ್ಬೀ ಸಮುದ್ರದಲ್ಲಿಯೇ ಉತ್ತರಕ್ಕೆ ಸಾಗಿ, 17ರಂದು ಗುಜರಾತಿನ ದಡ ಮುಟ್ಟಿತು. ಕರ್ನಾಟಕದ ನೆಲವನ್ನು ಅದು ಮುಟ್ಟಲೇ ಇಲ್ಲ. ಆದರೂ ನಮ್ಮ ಕರಾವಳಿಯಲ್ಲಿ ಮನೆಗಳು ಬಿದ್ದವು, ದಡ ಕೊರೆಯಿತು, ಜೀವಹಾನಿಯೂ ಆಯಿತು. ಇಲಾಖೆ ಜಿಲ್ಲೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಕೊಟ್ಟು ಬೇರೆ ನಕ್ಷೆಯನ್ನೂ ಹೊರಡಿಸುತ್ತದೆ. ಜನರು ತಮ್ಮ ಜಿಲ್ಲೆಯನ್ನು ಒಡನೆಯೇ ಗುರುತಿಸಬಲ್ಲರೆಂಬುದು ಅದರ ಗುಣ. ಆದರೆ ಉತ್ತರ ಕನ್ನಡಕ್ಕೆಲ್ಲ ಒಂದೇ ಬಣ್ಣ ಬಳಿದರೆ, ಕಡಲ ದಡದ ಕಾರವಾರಕ್ಕೂ ಘಟ್ಟದ ಮೇಲಿನ ಶಿರಸಿಗೂ ಒಂದೇ ಮಾತು ಹೇಳಿದಂತಾಗುತ್ತದೆ. ಕೆಂಪು ಹಸಿರುಗಳ ಭೇದ ಕಾಣದ ಕಣ್ಣಿಗೂ, ಕಪ್ಪು ಬಿಳುಪಿನ ಪ್ರತಿಗೂ ಬಣ್ಣದ ಹೆಸರನ್ನು ಅಕ್ಷರದಲ್ಲಿ ಬರೆಯುವುದು ಅವಶ್ಯ.

ಆದ್ದರಿಂದ ವಿಪತ್ತಿನ ನಕ್ಷೆಯ ಸರಳತೆಯನ್ನು ಗೆರೆಗಳ ಎಣಿಕೆಯಿಂದ ಅಳೆಯಲಾಗದು. ಓದುಗನು ಯಾವ ನಿರ್ಧಾರ ಮಾಡಬೇಕಾಗಿದೆ, ಅದಕ್ಕೆ ಬೇಕಾದ ಉತ್ತರ ನಕ್ಷೆಯಲ್ಲಿದೆಯೆ ಎಂಬುದೇ ಅಳತೆಗೋಲು. ಇದನ್ನು ಪರೀಕ್ಷಿಸುವ ಸ್ಥಳ ಪ್ರಯೋಗಶಾಲೆಯಲ್ಲ. ಮೀನುಗಾರರ ಕೇರಿ, ಶಾಲೆ, ಪಂಚಾಯತಿ ಕಚೇರಿ. ನಮ್ಮ ವಿದ್ಯಾರ್ಥಿಗಳು ನಕ್ಷೆ ಬರೆಯುವುದನ್ನು ಕಲಿತಷ್ಟೇ ಶ್ರದ್ಧೆಯಿಂದ, ಬರೆದ ನಕ್ಷೆಯನ್ನು ಅಲ್ಲಿಗೆ ಒಯ್ದು, ಇದರಿಂದ ನಿಮಗೆ ತಿಳಿದದ್ದೇನೆಂದು ಕೇಳುವುದನ್ನೂ ಕಲಿಯಬೇಕು. ಆ ಕೆಲಸ ಮಳೆಗಾಲಕ್ಕೆ ಮುಂಚೆಯೇ ಆಗಬೇಕು.