ಮೀನೊಂದು ನೆಪ

ಕಳೆದ ಬೇಸಿಗೆ ರಜೆಯಲ್ಲಿ ನಾನು ಮೂರು ಇಂಗ್ಲಿಷ್ ಪುಸ್ತಕಗಳನ್ನು ಓದಿದೆ. ಮೂರೂ ಮೀನು ಹಿಡಿಯುವುದರ ಕುರಿತವು. ಸಿಯಾಟಲ್‌ನಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಊರಿಗೆ ಬಂದಾಗ ತಂದುಕೊಟ್ಟವು. ಸ್ಟಾಫ್ ರೂಮಿನ ಮೇಜಿನ ಮೇಲೆ ಅವನ್ನು ಕಂಡು ಸಹೋದ್ಯೋಗಿಗಳು ನಕ್ಕರು. "ಮೀನು ತಿನ್ನದವರಿಗೆ ಮೀನಿನ ಪುಸ್ತಕವೇ ಟೀಚರ್?" ಎಂದರು. ತಿನ್ನುವವರಿಗೂ ಇವುಗಳಿಂದ ದೊಡ್ಡ ಲಾಭವೇನೂ ಇಲ್ಲ. ದಿನವಿಡೀ ನೀರಿನಲ್ಲಿ ನಿಂತು ಬರಿಗೈಯಲ್ಲಿ ಮನೆಗೆ ಹೋಗುವವರ ಕಥೆಗಳು ಇವು. ಆದರೂ ನಾನು ಬಿಡದೆ ಓದಿದ್ದು ಇವುಗಳಲ್ಲಿ ಬರುವ ಗೆಳೆತನಕ್ಕಾಗಿ. ಆ ಗೆಳೆತನದ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಒಂದು ತಕರಾರೂ ಇದೆ.

ಮೊದಲು ಮೀನಿನ ವಿಷಯ. ಸ್ಟೀಲ್‌ಹೆಡ್ ಎಂಬುದು ಉತ್ತರ ಅಮೆರಿಕದ ಪಡುವಣ ಕರಾವಳಿಯ ನದಿಗಳ ಮೀನು. ಜೀವಶಾಸ್ತ್ರದ ಪ್ರಕಾರ ಅದೂ ರೈನ್‌ಬೋ ಟ್ರೌಟ್ ಎಂಬ ಮೀನೂ ಒಂದೇ ಜಾತಿ. ಟ್ರೌಟ್ ಹುಟ್ಟಿದ ಹೊಳೆಯಲ್ಲೇ ಬಾಳಿ ಮುಗಿಸುತ್ತದೆ. ಸ್ಟೀಲ್‌ಹೆಡ್ ಪೆಸಿಫಿಕ್ ಸಾಗರಕ್ಕೆ ಇಳಿದು, ಅಲ್ಲಿ ಕೆಲವು ವರ್ಷ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬರುತ್ತದೆ. ಅಲ್ಲಿಯ ಸಾಲ್ಮನ್ ಮೀನುಗಳು ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬಾಣಂತನ ಮುಗಿಸಿ ಹೊರಟ ಹೆಣ್ಣುಮಕ್ಕಳಂತೆ ಮತ್ತೆ ಸಮುದ್ರಕ್ಕೆ ಹೋಗಿ ಇನ್ನೊಮ್ಮೆ ಬರುತ್ತವೆ.

ಹೀಗೆ ಮರಳಿ ಬಂದ ಮೀನು ಹೊಳೆಯಲ್ಲಿ ಹೆಚ್ಚು ತಿನ್ನುವುದಿಲ್ಲ. ಗಾಳಕ್ಕೆ ಬಾಯಿ ಹಾಕಲು ಅದಕ್ಕೆ ಹಸಿವಿನ ಕಾರಣವೇ ಇಲ್ಲ. ಇಂಥ ಮೀನನ್ನು ಎರೆಹುಳುವಿನ ಸಹಾಯವೂ ಇಲ್ಲದೆ, ಕೊಕ್ಕೆಗೆ ಗರಿ, ರೋಮ, ನೂಲು ಸುತ್ತಿ ಮಾಡಿದ ಹುಸಿ ನೊಣದಿಂದ ಹಿಡಿಯಲು ಹೋಗುವುದೇ ಫ್ಲೈ ಫಿಶಿಂಗ್. ಹುಸಿ ನೊಣಕ್ಕೆ ತೂಕವಿಲ್ಲ. ಆದ್ದರಿಂದ ದಾರದ ತೂಕದಿಂದಲೇ ಅದನ್ನು ಬೀಸಿ ನೀರಿನ ಮೇಲೆ ಹಾಕಬೇಕು. ಸಾವಿರ ಸಲ ಬೀಸಿದರೆ ಒಂದು ಮೀನು ಎಂಬುದು ಅಲ್ಲಿಯವರ ಮಾತು.

ಉಳಿದ ಒಂಬೈನೂರ ತೊಂಬತ್ತೊಂಬತ್ತು ಸಲ ಏನು ಮಾಡುತ್ತಾರೆ? ಅಲ್ಲೇ ಗೆಳೆತನ ಹುಟ್ಟುವುದು. ಆ ನದಿಗಳಲ್ಲಿ ಒಂದು ಬಳಕೆಯಿದೆ. ಮಡುವಿಗೆ ಇಳಿದವನು ಒಂದೇ ಕಡೆ ಬೇರೂರಿ ನಿಲ್ಲಬಾರದು. ಒಂದು ಸಲ ಬೀಸಿ ಒಂದೆರಡು ಹೆಜ್ಜೆ ಕೆಳಗೆ ಸರಿಯಬೇಕು, ಮತ್ತೆ ಬೀಸಬೇಕು, ಮತ್ತೆ ಸರಿಯಬೇಕು. ಆಮೇಲೆ ಬಂದವನು ಅವನ ಹಿಂದೆ, ಮೇಲುಗಡೆಯಿಂದ ಇಳಿಯಬೇಕು. ಮಡುವಿನ ಕೊನೆ ಮುಟ್ಟಿದವನು ದಡ ಹತ್ತಿ, ಸುತ್ತಿಕೊಂಡು ಬಂದು, ಎಲ್ಲರ ಹಿಂದೆ ನಿಲ್ಲಬೇಕು. ಒಳ್ಳೆಯ ಜಾಗ ಯಾರ ಸೊತ್ತೂ ಅಲ್ಲ, ಆದರೆ ಎಲ್ಲರಿಗೂ ಒಂದೊಂದು ಸರದಿ ಸಿಗುತ್ತದೆ. ಒಂದನೆಯ ತರಗತಿಯ ಮಕ್ಕಳಿಗೆ ಇದನ್ನು ಕಲಿಸಲು ನನಗೆ ಪ್ರತಿ ವರ್ಷ ಮೂರು ತಿಂಗಳು ಬೇಕಾಗುತ್ತದೆ. ದೊಡ್ಡ ಗಂಡಸರು ತಣ್ಣನೆಯ ನೀರಿನಲ್ಲಿ ಮಾತಿಲ್ಲದೆ ಇದನ್ನು ಪಾಲಿಸುತ್ತಾರೆಂದು ತಿಳಿದು ಸಂತೋಷವಾಯಿತು.

ಮೂರರಲ್ಲಿ ಹಳೆಯ ಪುಸ್ತಕ ರಾಡರಿಕ್ ಹೇಗ್-ಬ್ರೌನ್ ಅವರ 'ಎ ರಿವರ್ ನೆವರ್ ಸ್ಲೀಪ್ಸ್'. ನದಿಗೆ ನಿದ್ದೆಯಿಲ್ಲ ಎಂದು ಅರ್ಥ. ಪ್ರಕಟವಾದದ್ದು 1946ರಲ್ಲಿ. ಹೇಗ್-ಬ್ರೌನ್ 1908ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಹರೆಯದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೆ ಬಂದು, ಮರ ಕಡಿಯುವ ಕ್ಯಾಂಪುಗಳಲ್ಲಿ ದುಡಿದು, ಕೊನೆಗೆ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಕ್ಯಾಂಪ್‌ಬೆಲ್ ನದಿಯ ದಡದಲ್ಲಿ ಮನೆ ಮಾಡಿದರು. ಕಾನೂನಿನ ಪದವಿಯಿಲ್ಲದೆಯೂ ಆ ಊರಿನ ಮ್ಯಾಜಿಸ್ಟ್ರೇಟ್ ಆಗಿ ಹಲವು ವರ್ಷ ನ್ಯಾಯ ಹೇಳಿದರು. ಪುಸ್ತಕವನ್ನು ಅವರು ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳ ಲೆಕ್ಕದಲ್ಲಿ ಜೋಡಿಸಿದ್ದಾರೆ. ಮೊದಲ ತಿಂಗಳೇ ಸ್ಟೀಲ್‌ಹೆಡ್‌ನದು. ಬರವಣಿಗೆಯಲ್ಲಿ ಜಂಬವಿಲ್ಲ. ನೀರು ಎಲ್ಲಿ ತಿರುಗುತ್ತದೆ, ಕಲ್ಲಿನ ಮರೆಯಲ್ಲಿ ಮೀನು ಯಾಕೆ ನಿಲ್ಲುತ್ತದೆ ಎಂದು ಅವರು ಹೇಳುವಾಗ ಒಳ್ಳೆಯ ಅಧ್ಯಾಪಕರೊಬ್ಬರು ಬೋರ್ಡಿನ ಮುಂದೆ ನಿಂತಂತಿರುತ್ತದೆ. ಜೊತೆಗೆ ನಿಂತ ಗೆಳೆಯನನ್ನು ಹಾಗೆಯೇ ತಾಳ್ಮೆಯಿಂದ ನೋಡುತ್ತಾರೆ.

ಆದರೆ ಓದುತ್ತಾ ಹೋದಂತೆ ನನ್ನ ಮನಸ್ಸು ನದಿಯನ್ನು ಬಿಟ್ಟು ಮನೆಯ ಕಡೆ ತಿರುಗಿತು. ಜನವರಿಯ ಚಳಿಯಲ್ಲಿ ಇವರು ಹೊಳೆಗೆ ಹೋದಾಗ ಒಲೆ ಯಾರು ಉರಿಸಿದರು? ನಾಲ್ಕು ಮಕ್ಕಳನ್ನು ಯಾರು ನೋಡಿಕೊಂಡರು? ಆಕೆಯ ಹೆಸರು ಆ್ಯನ್ ಎಲ್ಮೋರ್. ಸಿಯಾಟಲ್‌ನವರು. 1934ರಲ್ಲಿ ಮದುವೆಯಾಗಿ ಆ ದ್ವೀಪಕ್ಕೆ ಬಂದವರು. ಗಂಡನಷ್ಟೇ ಪುಸ್ತಕಪ್ರಿಯೆ. ಸಂಕಟದಲ್ಲಿದ್ದ ಹೆಂಗಸರಿಗೆ ಆ ಹೊಳೆಬದಿಯ ಮನೆಯ ಬಾಗಿಲು ತೆರೆದವರೂ ಆಕೆಯೇ. ಇಂದಿಗೂ ಕ್ಯಾಂಪ್‌ಬೆಲ್ ರಿವರ್ ಊರಿನಲ್ಲಿ ಗಂಡಂದಿರ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಹೆಂಗಸರಿಗಾಗಿ ಇರುವ ಆಶ್ರಯಮನೆಗೆ ಆ್ಯನ್ ಎಲ್ಮೋರ್ ಅವರ ಹೆಸರಿದೆ. ಮೀನಿನ ಪುಸ್ತಕದಲ್ಲಿ ಆಕೆಗೆ ಸಿಕ್ಕಿದ ಜಾಗ ಚಿಕ್ಕದು. 1997ರಲ್ಲಿ ಅವರ ಮಗಳು ವ್ಯಾಲೆರಿ ಬರೆದ ಜೀವನಚರಿತ್ರೆಯ ಶೀರ್ಷಿಕೆಯಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇದೆ. ತಂದೆಯ ಪುಸ್ತಕದ ಖಾಲಿ ಪುಟವನ್ನು ಮಗಳು ತುಂಬಿಸಿದಳೆಂದು ನಾನು ತಿಳಿಯುತ್ತೇನೆ.

ಎರಡನೆಯದು ಡೇವಿಡ್ ಜೇಮ್ಸ್ ಡಂಕನ್ ಅವರ ಕಾದಂಬರಿ 'ದಿ ರಿವರ್ ವೈ', 1983ರದು. ಕಥೆ ನಡೆಯುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ. ನಾಯಕ ಗಸ್‌ನ ಅಪ್ಪ ಹುಸಿ ನೊಣದ ಮಡಿವಂತ, ಅಮ್ಮ ಎರೆಹುಳುವಿನ ಪಕ್ಷ. ಮನೆಯಲ್ಲಿ ಇದೇ ಜಗಳ. ಮಡಿ ಮೈಲಿಗೆಯ ಜಗಳ ಕೇಳಿ ಬೆಳೆದ ನಮಗೆ ಈ ಭಾಗ ನಗು ತರಿಸುತ್ತದೆ. ಇವರಿಬ್ಬರ ಕಾಟ ತಾಳದೆ ಗಸ್ ಹೊಳೆಯ ಪಕ್ಕದ ಗುಡಿಸಲಿಗೆ ಹೋಗುತ್ತಾನೆ. ಊಟ ನಿದ್ದೆಗಳನ್ನೂ ಕತ್ತರಿಸಿ, ದಿನದಲ್ಲಿ ಆದಷ್ಟು ಹೆಚ್ಚು ಗಂಟೆ ಮೀನು ಹಿಡಿಯುವ ವೇಳಾಪಟ್ಟಿ ಹಾಕಿಕೊಳ್ಳುತ್ತಾನೆ. ಬಯಸಿದ್ದು ಸಿಕ್ಕಿತು. ಆದರೆ ಕೆಲವೇ ವಾರಗಳಲ್ಲಿ ಅವನು ಸೊರಗಿ ಹೋಗುತ್ತಾನೆ. ಒಂದು ದಿನ ಹೊಳೆಯಲ್ಲಿ ಮುಳುಗಿ ಸತ್ತ ಮೀನುಗಾರನೊಬ್ಬನ ಹೆಣ ಅವನಿಗೆ ಸಿಗುತ್ತದೆ. ತನ್ನ ಗತಿಯೂ ಇದೇ ಎಂಬ ಭಯ ಹಿಡಿಯುತ್ತದೆ. ಅಲ್ಲಿಂದ ಮುಂದೆ ಅವನನ್ನು ಬದುಕಿಸುವುದು ಮನುಷ್ಯರು: ನೆರೆಹೊರೆಯವರು, ಸದಾ ತತ್ವಶಾಸ್ತ್ರ ಮಾತಾಡುವ ಟೈಟಸ್ ಎಂಬ ಗೆಳೆಯ, ಎಡ್ಡಿ ಎಂಬ ಹುಡುಗಿ.

ಒಂಟಿತನದಲ್ಲಿ ಹಿಡಿದ ಮೀನು ರುಚಿಸದು ಎಂಬ ಮಾತನ್ನು ಈ ಕಾದಂಬರಿ ಉಪದೇಶವಿಲ್ಲದೆ ಕಾಣಿಸುತ್ತದೆ. ಅದು ಅದರ ದೊಡ್ಡ ಗುಣ. ಎಡ್ಡಿಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಎರಡಾಗುತ್ತದೆ. ಅವಳು ಗಸ್‌ಗಿಂತ ಚೆನ್ನಾಗಿ ಮೀನು ಹಿಡಿಯುವವಳು. ಆದರೆ ಲೇಖಕರು ಅವಳನ್ನು ಓದುಗರ ಮುಂದೆ ತರುವಾಗ ಮೊದಲು ತೋರಿಸುವುದು ಅವಳ ಚೆಲುವನ್ನು, ಆಮೇಲೆ ಅವಳ ವಿದ್ಯೆಯನ್ನು. ಟೈಟಸ್‌ನನ್ನು ತರುವಾಗ ಹೀಗೆ ಮಾಡಲಿಲ್ಲ. ಆದರೂ ಕೊನೆಯಲ್ಲಿ ಒಂದು ಪ್ರಸಂಗ ಬರುತ್ತದೆ. ತೆಳುವಾದ ದಾರಕ್ಕೆ ಸಿಕ್ಕ ದೊಡ್ಡ ಸಾಲ್ಮನ್ ಮೀನನ್ನು ಎಡ್ಡಿ ಗಸ್‌ನ ಕೈಗೆ ಕೊಟ್ಟು ಹೊರಟುಹೋಗುತ್ತಾಳೆ. ಜಗ್ಗಿದರೆ ದಾರ ಹರಿಯುತ್ತದೆ. ಆದ್ದರಿಂದ ಗಸ್ ರಾತ್ರಿಯಿಡೀ ಮೀನು ಹೋದಲ್ಲಿಗೆ ತಾನೂ ಹೋಗುತ್ತಾನೆ. ಪ್ರೀತಿಯಲ್ಲಿ ಎಳೆಯಬಾರದು, ಜೊತೆಗೆ ನಡೆಯಬೇಕು ಎಂಬ ಪಾಠವನ್ನು ಹುಡುಗಿಯೊಬ್ಬಳು ಹುಡುಗನಿಗೆ ಹೀಗೆ ಕಲಿಸುವುದನ್ನು ನಾನು ಬೇರೆ ಕಾದಂಬರಿಯಲ್ಲಿ ಕಂಡಿಲ್ಲ.

ಈ ಗೆಳೆತನದ ವೃತ್ತದ ಹೊರಗೆ ನಿಂತವರು ಹೆಂಗಸರು ಮಾತ್ರವಲ್ಲ. ಆ ಹೊಳೆಗಳ ದಡದಲ್ಲಿ ಮೊದಲಿನಿಂದಲೂ ಬಾಳಿದ ಮೂಲನಿವಾಸಿಗಳಿಗೆ ಸ್ಟೀಲ್‌ಹೆಡ್ ಮೋಜಿನ ವಸ್ತುವಲ್ಲ, ಅನ್ನ. ವಾಷಿಂಗ್ಟನ್ ರಾಜ್ಯದಲ್ಲಿ 1960ರ ದಶಕದಲ್ಲಿ ತಮ್ಮ ಹೊಳೆಗೆ ಬಲೆ ಹಾಕಿದ್ದಕ್ಕೇ ಅವರು ಮತ್ತೆ ಮತ್ತೆ ಜೈಲಿಗೆ ಹೋದರು. ಬಿಲ್ಲಿ ಫ್ರ್ಯಾಂಕ್ ಅವರನ್ನು ಐವತ್ತಕ್ಕೂ ಹೆಚ್ಚು ಸಲ ಬಂಧಿಸಲಾಯಿತು. ಜಾನೆಟ್ ಮೆಕ್ಲೌಡ್ ಎಂಬ ಮಕ್ಕಳೊಂದಿಗಳೂ ಆ ಹೋರಾಟದ ಮುಂಚೂಣಿಯಲ್ಲಿದ್ದು ಜೈಲು ಕಂಡರು. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಒಪ್ಪಂದದ ಪ್ರಕಾರ ಅವರದೆಂದು ನ್ಯಾಯಾಧೀಶ ಬೋಲ್ಟ್ 1974ರಲ್ಲಿ ತೀರ್ಪು ಕೊಟ್ಟಾಗ, ಅದನ್ನು ಜೋರಾಗಿ ವಿರೋಧಿಸಿದವರಲ್ಲಿ ಮೋಜಿಗೆ ಮೀನು ಹಿಡಿಯುವವರೂ ಇದ್ದರು. ಸರದಿಯ ನಿಯಮ ತಮ್ಮ ಗೆಳೆಯರ ನಡುವೆ ಮಾತ್ರ ಎಂದು ಅವರು ತಿಳಿದಿದ್ದರೇನೋ. ಗೆಳೆತನವನ್ನು ಹೊಗಳುವಾಗ ಅದು ಯಾರನ್ನು ಹೊರಗಿಟ್ಟಿದೆ ಎಂದು ಕೇಳದಿದ್ದರೆ ಆ ಹೊಗಳಿಕೆ ಅರ್ಧವೇ.

ಮೂರನೆಯ ಪುಸ್ತಕಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಲೀ ಸ್ಪೆನ್ಸರ್ ಅವರ 'ಎ ಟೆಂಪರರಿ ರೆಫ್ಯೂಜ್', 2017ರಲ್ಲಿ ಬಂದದ್ದು. ಸ್ಪೆನ್ಸರ್ ಪುರಾತತ್ವ ಕಲಿತವರು. ಆರೆಗಾನ್‌ನ ನಾರ್ತ್ ಅಂಪ್‌ಕ್ವಾ ನದಿಯನ್ನು ಸೇರುವ ಸ್ಟೀಮ್‌ಬೋಟ್ ಎಂಬ ಹೊಳೆಯಲ್ಲಿ ಒಂದು ತಂಪಾದ ಮಡುವಿದೆ. ಬೇಸಿಗೆಯಲ್ಲಿ ಹೊಳೆ ಬಿಸಿಯಾದಾಗ ನೂರಾರು ಸ್ಟೀಲ್‌ಹೆಡ್‌ಗಳು ಅಲ್ಲಿ ಬಂದು ಕೂಡುತ್ತವೆ. ಕಳ್ಳರು ಡೈನಮೈಟ್ ಸಿಡಿಸಿ ಅವನ್ನು ಕೊಂದದ್ದುಂಟು. 1999ರಿಂದ ಸ್ಪೆನ್ಸರ್ ತಮ್ಮ ನಾಯಿಯೊಂದಿಗೆ ವರ್ಷದಲ್ಲಿ ಹಲವು ತಿಂಗಳು ಆ ಮಡುವಿನ ದಡದಲ್ಲಿ ಕಾವಲು ಕೂತರು. ಕೂತು ನೋಡಿದರು, ನೋಡಿದ್ದನ್ನು ದಿನವಹಿ ಬರೆದರು. ಹದಿನಾಲ್ಕು ಋತುಗಳ ಆ ಟಿಪ್ಪಣಿಗಳೇ ಈ ಪುಸ್ತಕ. ಕಥೆಯಿಲ್ಲ. ಕೆಲವು ಕಡೆ ಬೇಸರವೂ ಬರುತ್ತದೆ. ಆದರೆ ಓದುತ್ತಾ ಓದುತ್ತಾ ಮಡುವಿನ ಮೀನುಗಳು ತರಗತಿಯ ಮಕ್ಕಳ ಹಾಗೆ ಪರಿಚಯವಾಗುತ್ತವೆ. ಈ ಮನುಷ್ಯ ತಮ್ಮ ಗಾಳದ ಕೊಕ್ಕೆಗಳ ಮೊನೆಯನ್ನೇ ಕತ್ತರಿಸಿಬಿಟ್ಟರು. ಮೀನು ಮೇಲೆದ್ದು ಹುಸಿ ನೊಣವನ್ನು ಮುಟ್ಟಿದರೆ ಅಷ್ಟೇ ಸಾಕಾಯಿತು ಅವರಿಗೆ. ದಾರಿಹೋಕರು ಬಂದು ಪಕ್ಕದಲ್ಲಿ ಕೂತು ಮಡುವನ್ನು ನೋಡಿ ಮಾತಾಡಿ ಹೋಗುತ್ತಿದ್ದರು.

ಅದೇ ನದಿಯ ದಡದಲ್ಲಿ ಫ್ರ್ಯಾಂಕ್ ಮೂರ್ ಮತ್ತು ಜೀನ್ ಮೂರ್ ದಂಪತಿ ಬಾಳಿದರು. ಗಂಡ ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಗೆ ಇಳಿದ ಸೈನಿಕ, ಹೆಂಡತಿ ಕಾಡುಹೂಗಳನ್ನು ಬಲ್ಲವಳು. ನದಿಬದಿಯ ಸ್ಟೀಮ್‌ಬೋಟ್ ಇನ್ ಎಂಬ ವಸತಿಗೃಹವನ್ನು ಇಬ್ಬರೂ ಸೇರಿ ನಡೆಸಿದರು. ಎಷ್ಟೋ ಮೀನುಗಾರರ ಗೆಳೆತನ ಆ ಊಟದ ಮೇಜಿನ ಸುತ್ತ ಬೆಳೆಯಿತು. ಮರ ಕಡಿಯುವುದರಿಂದ ಸಣ್ಣ ಹೊಳೆಗಳು ಹಾಳಾಗುವುದನ್ನು ತೋರಿಸುವ 'ಪಾಸ್ ಕ್ರೀಕ್' ಎಂಬ ಚಿತ್ರ 1968ರಲ್ಲಿ ಬಂದದ್ದು ಈ ಬಳಗದ ಕಾಳಜಿಯಿಂದ. 2019ರಲ್ಲಿ ಅಮೆರಿಕದ ಕಾನೂನು ಸ್ಟೀಮ್‌ಬೋಟ್ ಹೊಳೆಯ ಸುತ್ತಲಿನ ಸುಮಾರು ಒಂದು ಲಕ್ಷ ಎಕರೆ ಕಾಡನ್ನು ಸ್ಟೀಲ್‌ಹೆಡ್‌ಗಾಗಿ ಮೀಸಲಿಟ್ಟಿತು. ಅದಕ್ಕೆ ಇಟ್ಟ ಹೆಸರಿನಲ್ಲಿ ಫ್ರ್ಯಾಂಕ್ ಮಾತ್ರವಲ್ಲ, ಜೀನ್ ಕೂಡ ಇದ್ದಾರೆ. ಮರುವರ್ಷದ ಕಾಳ್ಗಿಚ್ಚಿನಲ್ಲಿ ಅವರ ಮನೆ ಸುಟ್ಟುಹೋಯಿತು. 2022ರಲ್ಲಿ ಫ್ರ್ಯಾಂಕ್ ತೀರಿಕೊಂಡರು.

ಮೂರು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ತೋರುವುದು ಇಷ್ಟು: ಈ ಗೆಳೆತನಕ್ಕೆ ಮೀನು ಒಂದು ನೆಪ. ಗೆಳೆತನಕ್ಕೆ ನಿಜವಾಗಿ ಬೇಕಾದವು ಮೂರು. ಒಂದು ಜಾಗ, ಯಾರೂ ಲೆಕ್ಕ ಕೇಳದ ಕೆಲವು ಗಂಟೆಗಳು, ಇಬ್ಬರೂ ಸೇರಿ ನೋಡಲು ಒಂದು ವಸ್ತು. ಎದುರುಬದುರು ಕೂತವರ ಮಾತು ಬೇಗ ಮುಗಿಯುತ್ತದೆ. ಒಂದೇ ಕಡೆ ನೋಡುತ್ತಾ ನಿಂತವರಿಗೆ ಮಾತು ಮುಗಿದರೂ ಜೊತೆ ಮುಗಿಯುವುದಿಲ್ಲ.

ನಮಗೆ, ಸಣ್ಣ ಊರುಗಳ ಹೆಂಗಸರಿಗೆ, ಇವುಗಳಲ್ಲಿ ಯಾವುದಿದೆ? ನಮ್ಮ ಗೆಳೆತನಗಳೆಲ್ಲ ಕೆಲಸದ ಸೆರಗು ಹಿಡಿದು ಬಂದವು. ಹಪ್ಪಳ ಒತ್ತುವಾಗ, ನಲ್ಲಿಯ ಮುಂದೆ ಸಾಲು ನಿಂತಾಗ, ಸ್ತ್ರೀಶಕ್ತಿ ಸಂಘದ ಕಂತು ಕಟ್ಟುವಾಗ, ಮಕ್ಕಳನ್ನು ಟ್ಯೂಷನ್ನಿನಿಂದ ಕರೆತರುವಾಗ. ಕೆಲಸ ಮುಗಿದರೆ ಗೆಳತಿಯೂ ಮನೆಗೆ ಹೊರಟಳು. ಅವುಗಳಲ್ಲಿ ಸವಿ ಇಲ್ಲವೆಂದಲ್ಲ. ಆದರೆ ಏನೂ ತಯಾರಾಗದ ಒಂದು ಸಂಜೆಯನ್ನು ಇಬ್ಬರು ಹೆಂಗಸರು ಜೊತೆಯಲ್ಲಿ ಕಳೆದರೆ ಅದಕ್ಕೆ ನಮ್ಮಲ್ಲಿ ಕಾಡುಹರಟೆ ಎಂಬ ಹೆಸರಿದೆ. ಗಂಡಸು ಹೊಳೆಯಲ್ಲಿ ದಿನವಿಡೀ ನಿಂತರೆ ಅದಕ್ಕೆ ಧ್ಯಾನ ಎಂದು ಹೆಸರು, ಪುಸ್ತಕವೂ ಆಗುತ್ತದೆ.

ಅಮೆರಿಕದಲ್ಲಿ 1996ರಲ್ಲಿ 'ಕಾಸ್ಟಿಂಗ್ ಫಾರ್ ರಿಕವರಿ' ಎಂಬ ಸಂಸ್ಥೆ ಹುಟ್ಟಿತು. ಸ್ತನದ ಕ್ಯಾನ್ಸರಿನಿಂದ ನೊಂದ ಹೆಂಗಸರನ್ನು ಅದು ಖರ್ಚಿಲ್ಲದೆ ಹೊಳೆಯ ದಡಕ್ಕೆ ಕರೆದೊಯ್ದು ಫ್ಲೈ ಫಿಶಿಂಗ್ ಕಲಿಸುತ್ತದೆ. ದಾರ ಬೀಸುವ ನಿಧಾನದ ಚಲನೆ ಶಸ್ತ್ರಚಿಕಿತ್ಸೆಯಾದ ಕಡೆಯ ತೋಳಿಗೆ ಹಿತವಾದ ವ್ಯಾಯಾಮ. ಅದಕ್ಕಿಂತ ದೊಡ್ಡ ಔಷಧ, ಒಂದೇ ನೋವು ಉಂಡವರು ಪಕ್ಕಪಕ್ಕ ನೀರಿನಲ್ಲಿ ನಿಲ್ಲುವುದು. ಆದರೆ ಹೆಂಗಸಿಗೆ ಇಷ್ಟು ಬಿಡುವು ಸಿಗಲು ಅಷ್ಟು ದೊಡ್ಡ ಕಾಯಿಲೆಯೇ ಬರಬೇಕೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಗಾಳ ಹಿಡಿದು ಹೊಳೆಗೆ ಹೋಗಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಕೆರೆ ಏರಿಯಾದರೂ ಆದೀತು, ಊರ ಲೈಬ್ರರಿಯ ಬೆಂಚಾದರೂ ಆದೀತು. ಹೊಳೆಯಿಂದ ಬರಿಗೈಯಲ್ಲಿ ಮರಳಿದ ಹೇಗ್-ಬ್ರೌನ್‌ರನ್ನು 'ಇಷ್ಟು ಹೊತ್ತು ಏನು ಮಾಡಿದಿರಿ, ಏನು ತಂದಿರಿ' ಎಂದು ಯಾರೂ ಗದರಿಸಿರಲಾರರು. ಒಂದು ಸಂಜೆ ಗೆಳತಿಯ ಜೊತೆ ಕಳೆದು ನಾವೂ ಹಾಗೆಯೇ ಬರಿಗೈಯಲ್ಲಿ ಮನೆಗೆ ಬರುವಂತಾಗಬೇಕು.