ಬಂಕಾಪುರ ದರ್ಶನ: ಕೈಪಿಡಿಗಳ ಹೊಣೆ

ಯಾತ್ರಾ ಕೈಪಿಡಿಯು ಗಾತ್ರದಲ್ಲಿ ಚಿಕ್ಕದಾದರೂ ಹೊಣೆಯಲ್ಲಿ ಚಿಕ್ಕದಲ್ಲ. ಪುರಾಣಗಳನ್ನಾಗಲಿ ಶಾಸನ ಸಂಪುಟಗಳನ್ನಾಗಲಿ ತೆರೆದು ನೋಡುವ ಅವಕಾಶವಿಲ್ಲದ ಶ್ರಾವಕ ಕುಟುಂಬವು ಒಂದು ಸ್ಥಳದ ಬಗೆಗೆ ತಿಳಿದುಕೊಳ್ಳುವುದು ಬಹುಮಟ್ಟಿಗೆ ಅದರಿಂದಲೇ. ಅದರಲ್ಲಿ ಅಚ್ಚಾದ ಮಾತು ಮಕ್ಕಳ ಬಾಯಿಗೆ ಬರುತ್ತದೆ. ಮುಂದೆ ಅದೇ ಇತಿಹಾಸವೆನಿಸುತ್ತದೆ. ಆದುದರಿಂದ ಇಂತಹ ಬರವಣಿಗೆಯನ್ನು ಸತ್ಯವ್ರತದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ. ಈ ಪರೀಕ್ಷೆಗೆ ಹಾವೇರಿ ಜಿಲ್ಲೆಯ ಬಂಕಾಪುರವು ತಕ್ಕ ಸ್ಥಳ.

ಶಿಗ್ಗಾವಿ ತಾಲೂಕಿನ ಈ ಊರು ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೆಯನಿಂದ ಅದಕ್ಕೆ ಹೆಸರು ಬಂದಿತು. ಇಂದು ಅಲ್ಲಿಗೆ ಹೋದ ಪ್ರವಾಸಿಗೆ ಸಾಮಾನ್ಯ ಕೈಪಿಡಿ ತೋರಿಸುವವು ಮೂರು: ಕೋಟೆ, ಅದರೊಳಗೆ ಅರವತ್ತು ಕಂಬದ ಗುಡಿಯೆಂದು ಪ್ರಸಿದ್ಧವಾದ ಚಾಲುಕ್ಯ ಶೈಲಿಯ ನಗರೇಶ್ವರ ದೇವಾಲಯ, ಮತ್ತು ನವಿಲುಧಾಮ. ಹತ್ತಿರದ ಬಾಡ ಗ್ರಾಮವು ಕನಕದಾಸರ ಜನ್ಮಸ್ಥಳವಾದುದರಿಂದ ಅದೂ ಪಟ್ಟಿಗೆ ಸೇರುತ್ತದೆ. ಇವೆಲ್ಲವೂ ನೋಡತಕ್ಕವೇ. ಆದರೆ ಜೈನ ಪರಂಪರೆಯಲ್ಲಿ ಬಂಕಾಪುರಕ್ಕಿರುವ ಸ್ಥಾನವು ಈ ಪಟ್ಟಿಯಿಂದ ತಿಳಿಯದು. ಕಣ್ಣಿಗೆ ಕಾಣುವುದನ್ನಷ್ಟೇ ಎಣಿಸುವುದು ಪಟ್ಟಿಯ ಸ್ವಭಾವ. ಬಂಕಾಪುರದ ಜೈನ ಸಂಪತ್ತಾದರೋ ಹೆಚ್ಚಾಗಿ ಗ್ರಂಥದಲ್ಲಿಯೂ ಶಾಸನದಲ್ಲಿಯೂ ಉಳಿದಿದೆ.

ಮೊದಲನೆಯದು ಗ್ರಂಥದ ಸಂಗತಿ. ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವು ಅವರ ಕಾಲದಲ್ಲಿ ಮುಗಿಯಲಿಲ್ಲ. ಶಿಷ್ಯರಾದ ಗುಣಭದ್ರಾಚಾರ್ಯರು ಆದಿಪುರಾಣದ ಉಳಿದ ಭಾಗವನ್ನು ಪೂರೈಸಿ ಉತ್ತರಪುರಾಣವನ್ನು ರಚಿಸಿದರು. ಅವರ ಶಿಷ್ಯ ಲೋಕಸೇನರು ಸೇರಿಸಿದ ಪ್ರಶಸ್ತಿಯಂತೆ, ಬಂಕೆಯನ ಮಗ ಲೋಕಾದಿತ್ಯನು ಬಂಕಾಪುರದಿಂದ ನಾಡನ್ನಾಳುತ್ತಿದ್ದಾಗ, ಶಕ 820ರಲ್ಲಿ, ಭವ್ಯಜನರು ಆ ಗ್ರಂಥವನ್ನು ಪೂಜಿಸಿದರು. ರಾಜಧಾನಿಯೊಂದರ ಹೆಸರು ಯುದ್ಧಜಯದೊಡನೆ ಅಲ್ಲದೆ ಗ್ರಂಥಪೂಜೆಯೊಡನೆ ಉಳಿದು ಬಂದಿರುವುದು ಸಾಮಾನ್ಯ ಸಂಗತಿಯಲ್ಲ.

ಎರಡನೆಯದು ವ್ರತದ ಸಂಗತಿ. ಅನೇಕ ಯುದ್ಧಗಳನ್ನು ಗೆದ್ದ ಗಂಗ ಅರಸ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ಆಚರಿಸಿ 974ರಲ್ಲಿ ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವ ಕಂಬದ ಶಾಸನವು ಅವನ ಗೆಲುವುಗಳನ್ನು ಹೊಗಳಿ ಕೊನೆಗೆ ಈ ತ್ಯಾಗವನ್ನು ಹೇಳುತ್ತದೆ. ಬೆಳಗೊಳದ ಯಾತ್ರೆಯಲ್ಲಿ ಆ ಕಂಬವನ್ನು ಕಂಡವರಲ್ಲಿ ಎಷ್ಟು ಮಂದಿ ಬಂಕಾಪುರವನ್ನು ನೆನೆದಾರು? ಎರಡು ಊರುಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿ ತೋರಿಸುವುದು ಕೈಪಿಡಿಯ ಕೆಲಸವಾಗಿತ್ತು.

ಇಷ್ಟು ಹೇಳಿದ ಮೇಲೆ ಜೈನ ಬರಹಗಳ ದೋಷವನ್ನೂ ಹೇಳದಿರಲಾಗದು. ಮರೆವಿಗೆ ಪ್ರತಿಯಾಗಿ ಅತಿಶಯೋಕ್ತಿಯನ್ನು ಆಶ್ರಯಿಸುವ ಪ್ರವೃತ್ತಿ ಅವುಗಳಲ್ಲಿ ಆಗಾಗ ತಲೆದೋರುತ್ತದೆ. ಹಳೆಯ ಕಂಬವೆಲ್ಲ ಬಸದಿಯ ಕಂಬ, ಪುರಾತನ ಗುಡಿಯೆಲ್ಲ ಮೊದಲು ಜಿನಾಲಯ ಎಂಬ ಮಾತು ಪ್ರಮಾಣವಿಲ್ಲದೆಯೂ ಸುಲಭವಾಗಿ ಅಚ್ಚಾಗುತ್ತದೆ. ಇದು ಅಭಿಮಾನವೆನಿಸಬಹುದು, ಆದರೆ ಅಣುವ್ರತಗಳ ದೃಷ್ಟಿಯಿಂದ ಎರಡು ದೋಷಗಳು ಇದರಲ್ಲಿ ಕೂಡಿವೆ. ಇಲ್ಲದ್ದನ್ನು ಇದೆಯೆನ್ನುವುದರಿಂದ ಸತ್ಯಕ್ಕೂ, ಕೊಡದಿರುವುದನ್ನು ತನ್ನದೆನ್ನುವುದರಿಂದ ಅಚೌರ್ಯಕ್ಕೂ ಭಂಗ ಬರುತ್ತದೆ. ನಗರೇಶ್ವರವು ಶಿವಾಲಯ. ಅದರ ಕಡೆದ ಕಂಬಗಳ ಸೊಬಗನ್ನು ಮೆಚ್ಚಲು ಅದು ಜೈನರದಾಗಬೇಕಾದ ಅಗತ್ಯವಿಲ್ಲ.

ಹಾಗೆ ಹಕ್ಕು ಹೂಡುವ ಅವಶ್ಯಕತೆಯೇ ಇಲ್ಲವೆಂಬುದಕ್ಕೆ ಬಂಕಾಪುರದಲ್ಲಿಯೇ ಸಾಕ್ಷಿಯಿದೆ. ಅಲ್ಲಿಯ 1055ರ ಶಾಸನವು ಕದಂಬ ಕುಲದ ಹರಿಕೇಸರಿದೇವನೂ ಅವನ ಪತ್ನಿ ಲಚ್ಚಲದೇವಿಯೂ, ಪಟ್ಟಣದ ಐದು ಮಠಗಳ ಸಮುದಾಯವೂ, ನಗರದವರೂ ಒಡಗೂಡಿ ಪಾನುಂಗಲ್ಲು ಐನೂರರೊಳಗಿನ, ಎಂದರೆ ಇಂದಿನ ಹಾನಗಲ್ಲಿನ ಸೀಮೆಯ, ಭೂಮಿಯನ್ನು ಜಿನಾಲಯಕ್ಕೆ ಬಿಟ್ಟುದನ್ನು ದಾಖಲಿಸಿದೆ. ಅರಸನೊಬ್ಬನ ಔದಾರ್ಯವಷ್ಟೇ ಇಲ್ಲಿಲ್ಲ. ಊರಿಗೆ ಊರೇ ಬಸದಿಯನ್ನು ತನ್ನದೆಂದು ಭಾವಿಸಿತ್ತು. ಇತರರು ಮನಃಪೂರ್ವಕವಾಗಿ ಕೊಟ್ಟುದನ್ನು ಸ್ಮರಿಸುವ ಕೃತಜ್ಞತೆಯು, ಇತರರದನ್ನು ತಮ್ಮದೆಂದು ಸಾಧಿಸುವ ಹಟಕ್ಕಿಂತ ಧರ್ಮಕ್ಕೆ ಹೆಚ್ಚು ಕೀರ್ತಿ ತರುತ್ತದೆ.

ಬಸದಿಗಳ ಆಡಳಿತ ಮಂಡಳಿಗಳು ಕೈಪಿಡಿಯನ್ನು ಅಚ್ಚು ಹಾಕಿಸುವಾಗ ಮೂರು ವಿಭಾಗಗಳನ್ನು ಮಾಡುವುದು ಒಳಿತು: ಕಲ್ಲಿನಲ್ಲಿ ಇರುವುದು, ಗ್ರಂಥದಲ್ಲಿ ಇರುವುದು, ಜನರು ಹೇಳುವುದು. ಮೂರನೆಯದನ್ನು ಬಿಡಬೇಕಿಲ್ಲ, ಮೊದಲೆರಡರೊಡನೆ ಬೆರೆಸದಿದ್ದರೆ ಸಾಕು. ಇದರಿಂದ ಪುಟಗಳು ಹೆಚ್ಚಾಗವು, ಖರ್ಚೂ ಬೆಳೆಯದು. ಆದರೆ ಓದುವ ಬಾಲಕನಿಗೆ ಪ್ರಮಾಣವೆಂದರೇನೆಂಬ ಪಾಠ ದೊರೆಯುತ್ತದೆ.

ಕುಟುಂಬಗಳು ಬಂಕಾಪುರಕ್ಕೆ ಹೋಗಲು ಶ್ರುತಪಂಚಮಿಯ ದಿನ ವಿಶೇಷವಾಗಿ ಉಚಿತವಾದುದು. ಶಾಸ್ತ್ರವನ್ನು ಪೂಜಿಸುವ ಆ ದಿನ, ಮಹಾಪುರಾಣದ ಹೆಸರಿನೊಡನೆ ಬೆಸೆದ ಊರಿನಲ್ಲಿ ಹಿರಿಯರು ಗುರುಪರಂಪರೆಯ ಕಥೆಯನ್ನು ಮಕ್ಕಳಿಗೆ ಹೇಳಬಹುದು. ನವಿಲುಗಳನ್ನು ಕಂಡಾಗ, ತಾನಾಗಿ ಉದುರಿದ ಗರಿಗಳಿಂದಲೇ ಮುನಿಗಳ ಪಿಂಛಿಯಾಗುತ್ತದೆಂಬುದನ್ನು ತಿಳಿಸಬಹುದು. ಕೊಡದೆ ಇರುವುದನ್ನು ಮುಟ್ಟದ, ಜೀವವನ್ನು ನೋಯಿಸದ ಆ ಗರಿಯ ನೀತಿಯೇ ಇತಿಹಾಸ ಬರೆಯುವವರಿಗೂ ಮೇಲ್ಪಂಕ್ತಿ. ಪ್ರಮಾಣವು ಒದಗಿಸಿದಷ್ಟನ್ನೇ ಸ್ವೀಕರಿಸಿದರೂ ಬಂಕಾಪುರದ ಹಿರಿಮೆಗೆ ಯಾವ ಕೊರತೆಯೂ ಆಗದು.